ಒರೆಸಿ ಬರೆಯುವ ಅಭ್ಯಾಸ ಪುಸ್ತಕ: ಶಾಲೆಗೆ ಮುಂಚೆ ಎಷ್ಟು ಉಪಯೋಗ?

ಒಂದನೇ ತರಗತಿಗೆ ಹೋಗಲಿರುವ ಮಗುವಿಗೆ ಒರೆಸಿ ಮತ್ತೆ ಬರೆಯುವ ಪ್ಲಾಸ್ಟಿಕ್ ಹಾಳೆಯ ಪುಸ್ತಕ ಒಳ್ಳೆಯ ಆರಂಭ, ಆದರೆ ಅದೊಂದೇ ಸಾಲದು. ಕೊಳ್ಳುವಾಗ ಪ್ರತಿ ಅಕ್ಷರಕ್ಕೂ ಶುರುವಿನ ಚುಕ್ಕೆ, ಕೈ ಸಾಗಬೇಕಾದ ದಿಕ್ಕಿನ ಬಾಣ ಇವೆಯೇ ನೋಡಿ. ಇವಿಲ್ಲದಿದ್ದರೆ ಮಗು ಅಕ್ಷರವನ್ನು ಬಾಲದಿಂದ ತಿದ್ದುತ್ತದೆ, ಆ ರೂಢಿ ಬಿಡಿಸುವುದು ನಿಜಕ್ಕೂ ಕಷ್ಟ. ಗೆರೆ, ಅರ್ಧವೃತ್ತ, ಸುರುಳಿಗಳ ಪುಟಗಳು ಅಕ್ಷರಕ್ಕಿಂತ ಮೊದಲೇ ಬರಬೇಕು. ಕನ್ನಡದ ದುಂಡು ಅಕ್ಷರಗಳಿಗೆ ಅದೇ ತಳಪಾಯ.

ದೊಡ್ಡ ಕೊರತೆ ಹಾಳೆಯ ನುಣುಪು. ಪೆನ್ನು ಜಾರುವುದರಿಂದ ಎಷ್ಟು ಒತ್ತಿ ಬರೆಯಬೇಕೆಂಬುದು ಬೆರಳಿಗೆ ತಿಳಿಯುವುದಿಲ್ಲ. ಹಾಗಾಗಿ ಇದರಲ್ಲಿ 10 ನಿಮಿಷ ತಿದ್ದಿಸಿ, ಕೂಡಲೇ ಅದೇ ಅಕ್ಷರವನ್ನು ಕಾಗದದ ಮೇಲೆ ಮೂರು ಸಲ ಬರೆಸಿ. ಅದಕ್ಕೆ ದಪ್ಪನೆಯ ಮೂರು ಮೂಲೆಯ ಪೆನ್ಸಿಲ್ ಇರಲಿ, ಇಲ್ಲವೇ 4–5 ಸೆಂ.ಮೀ. ಉದ್ದದ ಕ್ರೇಯಾನ್ ತುಂಡು ಸಾಕು. ಗಿಡ್ಡ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲಾಗದೆ ಬೆರಳತುದಿಗಳೇ ಕೆಲಸಕ್ಕೆ ಇಳಿಯುತ್ತವೆ. ಎಡಗೈಯಲ್ಲಿ ಬರೆಯುವ ಮಗುವಿನ ಅಂಗೈ ಶಾಯಿಯನ್ನು ಅಳಿಸುತ್ತದೆ, ಪುಸ್ತಕದ ಮೇಲ್ತುದಿಯನ್ನು ತುಸು ಬಲಕ್ಕೆ ವಾಲಿಸಿಡಿ.

ಕೆಲವು ದಿನ ಹಾಗೇ ಬಿಟ್ಟ ಬರಹ ಒಣಬಟ್ಟೆಗೆ ಜಗ್ಗದಿದ್ದರೆ, ಅದರ ಮೇಲೆಯೇ ಅದೇ ಪೆನ್ನಿನಿಂದ ಗೀಚಿ ತಕ್ಷಣ ಒರೆಸಿ. ಹೊಸ ಶಾಯಿಯ ದ್ರಾವಕ ಹಳೆಯದನ್ನೂ ಕರಗಿಸುತ್ತದೆ. ಮುಚ್ಚಳ ಮರೆತರೆ ಪೆನ್ನು ಬೇಗ ಒಣಗುವುದರಿಂದ ಇನ್ನೊಂದನ್ನು ಜೊತೆಗೇ ಕೊಂಡಿಡಿ.