ಕವಿರಾಜಮಾರ್ಗದಿಂದ ಘಾಚರ್ ಘೋಚರ್ ತನಕ: ಮತ್ತೆ ಮತ್ತೆ ತೆರೆದ ಏಳು ಪುಸ್ತಕಗಳ ಬಗ್ಗೆ

ಕೊಂಡ ವಾರದಲ್ಲೇ ಬರೆದ ಅಭಿಪ್ರಾಯ ಪುಸ್ತಕಕ್ಕೆ ಸಾಲುವುದಿಲ್ಲ. ಎರಡನೇ ಓದಿಗೆ ಏನು ಉಳಿಯುತ್ತದೆ, ಕಲಬುರಗಿಯ ಬೇಸಿಗೆ ಕಂಡ ಮೇಲೆ ಬೈಂಡಿಂಗ್ ಗಟ್ಟಿಯಿದೆಯೇ, ಎರಡನ್ನೂ ನೋಡಿ ಬರೆದದ್ದು ಇದು.

ಕವಿರಾಜಮಾರ್ಗವನ್ನು ನಮ್ಮ ಕಡೆ ಅಭಿಮಾನಕ್ಕೆ ಕೊಂಡವರೇ ಹೆಚ್ಚು. ಸುಮಾರು ಕ್ರಿ.ಶ. 850ರ ಹೊತ್ತಿಗೆ ರಾಷ್ಟ್ರಕೂಟ ಅರಸ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ್ದು, ಅವನ ರಾಜಧಾನಿ ಮಳಖೇಡ ನಮ್ಮ ಸೇಡಂ ತಾಲ್ಲೂಕಿನದು. ಆದರೆ ಇದು ಕತೆಯಲ್ಲ, ಕಾವ್ಯ ಬರೆಯುವವರ ಕೈಪಿಡಿ. ಮೂರು ಪರಿಚ್ಛೇದಗಳಲ್ಲಿ ಎರಡನೆಯದು ಶಬ್ದಾಲಂಕಾರ, ಮೂರನೆಯದು ಅರ್ಥಾಲಂಕಾರ. ದಂಡಿಯ ಕಾವ್ಯಾದರ್ಶದ ಋಣ ಎದ್ದು ಕಾಣುತ್ತದೆ. ಮೊದಲ ಪುಟದಿಂದಲೇ ಹಿಡಿದವರು ಬೇಗ ಕೈಬಿಡುತ್ತಾರೆ. ಮೊದಲ ಪರಿಚ್ಛೇದದ 'ಕಾವೇರಿಯಿಂದಮಾ' ಪದ್ಯದಿಂದ ಶುರುಮಾಡಿ, ಆಮೇಲೆ ಹಿಂದಕ್ಕೆ ಹೋಗಿ. ಅದರ ಮುಂದಿನ ಪದ್ಯ ಕನ್ನಡದ ತಿರುಳು ಇರುವ ಜಾಗ ಹೇಳುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದದ ನಡುವಣ ನಾಡು. ಅಂದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಸೀಮೆ. ರಾಜಧಾನಿ ಆ ನಾಲ್ಕರಲ್ಲಿ ಇಲ್ಲ! ಅರಸನ ಮುಂದೆಯೇ ಅರಸನ ಊರು ಬಿಟ್ಟು ಹೇಳಿದ ಧೈರ್ಯಕ್ಕಾದರೂ ಇದನ್ನು ಓದಬೇಕು.

ಯಾವ ಪ್ರತಿ ಕೊಳ್ಳಬೇಕು? ಮೂಲ, ಅನ್ವಯ (ಪದ್ಯದ ಪದಗಳನ್ನು ಗದ್ಯದ ಕ್ರಮಕ್ಕೆ ಜೋಡಿಸಿದ್ದು), ಅರ್ಥ ಮೂರೂ ಇರುವುದನ್ನು. ಹಳಗನ್ನಡದ ೞ, ಱ ಅಕ್ಷರಗಳನ್ನು ಉಳಿಸಿದ್ದಾರೋ ನೋಡಿಕೊಳ್ಳಿ. ಬಾೞ್ ಅಂದರೆ ಬದುಕು, ಬಾಳ್ ಅಂದರೆ ಕತ್ತಿ. ಎರಡನ್ನೂ ಒಂದೇ ಥರ ಅಚ್ಚು ಹಾಕಿದ ಪ್ರತಿ ಹಿಡಿದು ನಿಘಂಟಿಗೆ ಹೋದರೆ ದಾರಿ ತಪ್ಪುತ್ತದೆ.

ಹಳಗನ್ನಡ ರುಚಿ ಹತ್ತಬೇಕಾದವರಿಗೆ ವಡ್ಡಾರಾಧನೆಯೇ ವಾಸಿ. ಗದ್ಯ, 19 ಜೈನ ಕತೆ. ತೊಡಕು ಬರುವುದು ಭಾಷೆಯಿಂದಲ್ಲ, ಜನ್ಮಾಂತರಗಳಿಂದ: ಇವನು ಹಿಂದಿನ ಭವದಲ್ಲಿ ಯಾರು ಅನ್ನುವುದೇ ಮರೆತುಹೋಗುತ್ತದೆ. ಮೊದಲನೆಯ ಸುಕುಮಾರಸ್ವಾಮಿಯ ಕತೆಯಲ್ಲೇ ಹೀಗೆ ಸಿಕ್ಕಿಬೀಳುತ್ತೀರಿ. ಒಂದು ಚೀಟಿಯಲ್ಲಿ ಭವದಿಂದ ಭವಕ್ಕೆ ಗೆರೆ ಎಳೆದು ಹೆಸರು ಬರೆದಿಟ್ಟುಕೊಳ್ಳಿ. ಬೇಡವೆಂದರೆ ವಿದ್ಯುಚ್ಚೋರನ ಕತೆಯಿಂದ ಶುರುವಾಗಲಿ, ಕಳ್ಳನ ಕತೆ ಯಾರಿಗೆ ಬೇಡ?

ಕುವೆಂಪು ಅವರ ಮಲೆಗಳಲ್ಲಿ ಮದುಮಗಳು (1967) ಕೂಡ ಚೀಟಿ ಬೇಡುತ್ತದೆ, ಮನುಷ್ಯರದ್ದಲ್ಲ, ಊರುಗಳದ್ದು. ಸಿಂಬಾವಿಗೆ ಗುತ್ತಿ, ಬೆಟ್ಟಳ್ಳಿಗೆ ತಿಮ್ಮಿ, ಕೋಣೂರಿಗೆ ಮುಕುಂದಯ್ಯ, ಹೂವಳ್ಳಿಗೆ ಚಿನ್ನಮ್ಮ ಎಂದು ಬರೆದಿಟ್ಟರೆ ಮೊದಲ ನೂರು ಪುಟದ ಗೊಂದಲ ಅರ್ಧ ಇಳಿಯುತ್ತದೆ. ಜೋಳದ ಹೊಲ, ಬಯಲು ನೋಡಿ ಬೆಳೆದ ಕಣ್ಣಿಗೆ ಆ ಕಾಡಿನ ಕತ್ತಲೆ ಹಿಡಿಯಲು ಸಮಯ ಬೇಕು. ಅವಸರ ಮಾಡಿದರೆ ದಕ್ಕುವ ಕಾದಂಬರಿಯಲ್ಲ.

ಇಷ್ಟು ದಪ್ಪ ಪುಸ್ತಕದಲ್ಲಿ ಬೈಂಡಿಂಗ್ ನೋಡದೆ ದುಡ್ಡು ಕೊಡಬೇಡಿ. ಬೆನ್ನಿನ ತುದಿಯನ್ನು ಮೇಲಿನಿಂದ ನೋಡಿ. ಮಡಚಿದ ಫಾರಂಗಳು ಕಟ್ಟುಕಟ್ಟಾಗಿ ಕಂಡು, ಪ್ರತಿ ಕಟ್ಟಿನ ನಡುವೆ ದಾರ ಇದ್ದರೆ ಹೊಲಿಗೆಯದು, ಬಾಳಿಕೆ ಬರುತ್ತದೆ. ಬಿಡಿ ಹಾಳೆ ಕತ್ತರಿಸಿ ಅಂಟಿಸಿದ್ದಾದರೆ ನಮ್ಮ ಮೇ ತಿಂಗಳ ಒಣ ಬಿಸಿಗೆ ಅಂಟು ಪೆಡಸಾಗಿ, ಪುಸ್ತಕ ಅಗಲಿಸಿದಾಗ ಬೆನ್ನು ನಡುವೆ ಸೀಳುತ್ತದೆ. ಉದುರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ, ಕೆಲವು ವರ್ಷಕ್ಕೆ ಹಳದಿಯಾಗಿ ಅಂಟು ಹೊರಗೆ ಜಿನುಗುತ್ತದೆ. ಬಿಳಿ ಫೆವಿಕಾಲನ್ನು ಕಡ್ಡಿಯಿಂದ ಹಾಳೆಯ ಅಂಚಿಗೆ 2–3 ಮಿ.ಮೀ. ಅಗಲ, ತೆಳ್ಳಗೆ ಸವರಿ, ಎರಡೂ ಬದಿಗೆ ಬಟರ್ ಪೇಪರ್ ಇಟ್ಟು ರಾತ್ರಿಯಿಡೀ ಭಾರ ಹೇರಿ. ಗೋಡೆಯ ಮಾಡದಲ್ಲಿ ಜೋಡಿಸುವವರು ಹಿಂದೆ ಎರಡು ಬೆರಳು ಜಾಗ ಬಿಡಬೇಕು. ಒರಲೆ ಗೋಡೆಯ ಕಡೆಯಿಂದ ಬರುತ್ತದೆ, ಮುಂದಿನಿಂದ ಕಾಣುವಷ್ಟರಲ್ಲಿ ಅರ್ಧ ಸಾಲು ಖಾಲಿ.

ದೇವನೂರ ಮಹಾದೇವ ಅವರ ಕುಸುಮಬಾಲೆ ನಮ್ಮವರನ್ನು ಮೊದಲ ಪುಟದಲ್ಲೇ ತಡೆಯುತ್ತದೆ. ನಂಜನಗೂಡು ಕಡೆಯ ಮಾತು, ಕಣ್ಣಲ್ಲಿ ಓದಿದರೆ ಕಲ್ಲು. ಬಾಯಿಬಿಟ್ಟು ಓದಿದರೆ ಲಯ ಹಿಡಿಯುತ್ತದೆ, ಜೋತಮ್ಮಗಳು (ದೀಪದ ಜ್ಯೋತಿಗಳು) ಮಾತಾಡುವ ಭಾಗದಲ್ಲಂತೂ ಕಿವಿಯೇ ಅರ್ಥ ಹೇಳುತ್ತದೆ.

ಇದರ ಎದುರು ಗೀತಾ ನಾಗಭೂಷಣ ಅವರ 'ಬದುಕು' ಇಡಿ. 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ, ನಮ್ಮದೇ ಮಾತು, ಅರ್ಥಕೋಶದ ಹಂಗಿಲ್ಲ. ಕೆಲವೆಡೆ ಹಿಗ್ಗಿದೆ, ಕತ್ತರಿ ಬೇಕಿತ್ತು ಅನ್ನಿಸುತ್ತದೆ. ಆದರೆ ಬೈಗುಳವನ್ನೂ ತೊಳೆದು ಒಣಗಿಸದೆ ಇದ್ದಂತೆ ಇಟ್ಟಿದ್ದಾರೆ, ಅದಕ್ಕೆ ಪೂರ್ತಿ ಅಂಕ.

ವಿವೇಕ ಶಾನಭಾಗ ಅವರ ಘಾಚರ್ ಘೋಚರ್ ತೆಳ್ಳಗಿನದು, ಬೀದರ್ ಬಸ್ಸಿನಲ್ಲಿ ಮುಗಿಯುತ್ತದೆ. ಇರುವೆಗಳ ಭಾಗವನ್ನು ಮಾತ್ರ ಎರಡು ಸಲ ಓದಿ.

ಕೊನೆಗೆ ಮೆಡೋಸ್ ಟೇಲರನ ಆತ್ಮಕತೆ, ಅವನು ತೀರಿದ ಮೇಲೆ 1877ರಲ್ಲಿ ಬಂದದ್ದು. ಸುರಪುರದ ಅರಮನೆ ಜಗಳ, ತನ್ನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ ಎಳೆಯ ರಾಜ ವೆಂಕಟಪ್ಪ ನಾಯಕ, 1858ರ ಬಂಡಾಯ ಎಲ್ಲ ಇದೆ. ಆದರೆ ಕಂಪನಿಯ ಪರವಾಗಿ ಆ ಸಂಸ್ಥಾನ ನೋಡಿಕೊಂಡವನ ಬರಹ ಅನ್ನುವುದು ನೆನಪಿರಲಿ. ತನ್ನ ಪ್ರೀತಿಯನ್ನು ಧಾರಾಳವಾಗಿ ಹೇಳುತ್ತಾನೆ, ತನ್ನ ಸರ್ಕಾರದ ಲೆಕ್ಕವನ್ನು ಜಿಪುಣತನದಿಂದ. ಇಂಗ್ಲಿಷ್ ಮೂಲದ ಸ್ಕ್ಯಾನ್ ಪ್ರತಿ ಪುಕ್ಕಟೆ ಸಿಗುತ್ತದೆ. ಅದರೊಳಗೆ ಊರು ಹುಡುಕುವಾಗ ಸುರಪುರ ಅಂತಲ್ಲ, Shorapoor ಅಂತ ಟೈಪ್ ಮಾಡಿ.