ಕಂಕನಾಡಿ ಕಡೆಯ ಥೆರಪಿ ಸೆಂಟರ್: ಒಳಗಿನ ಕೋಣೆಗಿಂತ ಹೊರಗಿನ ಬೆಂಚಿಗೇ ಜಾಸ್ತಿ ಮಾರ್ಕು

ಸೆಂಟರ್‌ನ ಹೆಸರು ಬರೆಯುವುದಿಲ್ಲ. ಮಂಗಳೂರಿನ ಕಂಕನಾಡಿ ಕಡೆಯದ್ದು, ಎರಡನೇ ಮಹಡಿ, ಲಿಫ್ಟ್ ಇಲ್ಲ. ಆಟಿಸಂ ಇರುವ ಆರು ವರ್ಷದ ಮಗನನ್ನು ಅಲ್ಲಿಗೆ ಓಟಿ (ದಿನನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಆಕ್ಯುಪೇಷನಲ್ ಥೆರಪಿ) ಮತ್ತು ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋಗುತ್ತೇನೆ. 45 ನಿಮಿಷಕ್ಕೆ 600 ರೂಪಾಯಿ. ಥೆರಪಿಸ್ಟ್‌ಗಳು ಒಳ್ಳೆಯವರು, ಮಕ್ಕಳ ಮೇಲೆ ಕೂಗಾಡುವವರಲ್ಲ. ಕೊನೆಯ ಹತ್ತು ನಿಮಿಷ ನಮ್ಮನ್ನೂ ಒಳಗೆ ಕರೆಯುತ್ತಾರೆ, ಮನೆಯಲ್ಲಿ ಎಂತ ಮಾಡಬೇಕು ಅಂತ ಮಾಡಿ ತೋರಿಸುತ್ತಾರೆ. ಬಾಗಿಲು ಮುಚ್ಚಿಕೊಂಡು, ಕೊನೆಗೆ ‘ಇವತ್ತು ಚೆನ್ನಾಗಿ ಕೂತ’ ಅಂತ ಒಂದೇ ಮಾತು ಹೇಳಿ ಕಳಿಸುವ ಜಾಗಗಳನ್ನೂ ನೋಡಿದ್ದೇನೆ. ಆ ಲೆಕ್ಕದಲ್ಲಿ ಇದು ಎಷ್ಟೋ ವಾಸಿ.

ಆದರೆ ನನಗೆ ಕೊಟ್ಟ ಹಣ ವಸೂಲಾದದ್ದು ಹೊರಗಿನ ಬೆಂಚಿನಲ್ಲಿ. ಗೋಡೆಗೆ ತಾಗಿಸಿ ಇಟ್ಟ ಉದ್ದದ ಮರದ ಬೆಂಚು, ಪಕ್ಕದಲ್ಲಿ ಚಪ್ಪಲಿ ಸ್ಟ್ಯಾಂಡ್, ಮೇಲೆ ಟಕ್ ಟಕ್ ಅನ್ನುವ ಫ್ಯಾನ್. ಮಕ್ಕಳು ಒಳಗೆ ಹೋದ ಕೂಡಲೇ ಅಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ಒಟ್ಟಿಗೆ ಶುರುವಾಗುತ್ತದೆ.

ಭಾಷೆಯ ವಿಷಯವೇ ಮೊದಲು ಹೇಳುತ್ತೇನೆ. ಒಂದು ಶಾಲೆಯಲ್ಲಿ ನಮಗೆ ‘ಮನೆಯಲ್ಲಿ ತುಳು ನಿಲ್ಲಿಸಿ, ಇಂಗ್ಲಿಷ್ ಮಾತ್ರ ಮಾತಾಡಿ, ಮಗುವಿಗೆ ಗೊಂದಲ ಆಗ್ತದೆ’ ಅಂದಿದ್ದರು. ನನ್ನ ಅತ್ತೆಗೆ ತುಳು ಬಿಟ್ಟರೆ ಬೇರೆ ಭಾಷೆ ಬಾರದು. ಪಾಪ, ಅವರು ಮೊಮ್ಮಗನ ಹತ್ತಿರ ಮಾತಾಡುವುದನ್ನೇ ಬಿಟ್ಟಿದ್ದರು. ಬೆಂಚಿನಲ್ಲಿ ಕೇಳಿದರೆ ಅರ್ಧಕ್ಕರ್ಧ ಮನೆಗಳಲ್ಲಿ ಇದೇ ಕಥೆ. ಎಲ್ಲರೂ ಸೇರಿ ಸ್ಪೀಚ್ ಥೆರಪಿಸ್ಟನ್ನು ಹಿಡಿದು ಕೇಳಿದೆವು. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಕ್ಕಳ ಮಾತು ಅದರಿಂದ ಹಿಂದೆ ಬೀಳುತ್ತದೆ ಅಂತ ಈವರೆಗಿನ ಅಧ್ಯಯನಗಳಲ್ಲಿ ಕಂಡಿಲ್ಲ, ಮನೆಯವರು ತಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಾತಾಡಲಿ ಅಂದರು. ಈಗ ಅತ್ತೆ ತುಳುವಿನಲ್ಲಿ ‘ಬಲ ಮಗಾ’ (ಬಾ ಮಗಾ) ಅಂದರೆ ಇವನು ಎದ್ದು ಹೋಗುತ್ತಾನೆ. ನಾನು ಕನ್ನಡದಲ್ಲಿ ಕರೆದರೆ ಬರುವುದು ಸಂಶಯ!

ಊಟದ ಬುದ್ಧಿಯೂ ಅಲ್ಲಿನದೇ. ಇವನಿಗೆ ಬಿಳಿ ತಿಂಡಿಯೇ ಆಗಬೇಕು: ನೀರುದೋಸೆ, ಬೆಳ್ತಿಗೆ ಅನ್ನ, ಮಜ್ಜಿಗೆ. ಕುಚ್ಚಲಕ್ಕಿ ಕಂಡರೆ ತಟ್ಟೆ ದೂಡುತ್ತಿದ್ದ. ಸುರತ್ಕಲ್‌ನಿಂದ ಬರುವ ಒಬ್ಬರು ಹೇಳಿದರು, ಹೊಸದನ್ನು ಬೇರೆ ಬಡಿಸಬೇಡಿ, ಅವನ ನೀರುದೋಸೆ ಹಿಟ್ಟಿಗೇ ಬೇಯಿಸಿ ಅರೆದ ಕುಂಬಳಕಾಯಿ ಅರ್ಧ ಚಮಚ ಹಾಕಿ, ಬಣ್ಣ ಗೊತ್ತಾಗಬಾರದು, ಒಪ್ಪಿದ ಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ನಮ್ಮ ದೋಸೆ ಈಗ ತೆಳು ಹಳದಿಗೆ ಬಂದು ನಿಂತಿದೆ. ಅದಕ್ಕಿಂತ ಮುಂದೆ ಹೋಗಿಲ್ಲ.

ಇನ್ನು ಕಾಗದಪತ್ರ. ಬೆಂಚಿನ ತುದಿಯಲ್ಲಿ ಕೂರುವ ಹಿರಿಯರೊಬ್ಬರ ಮಗಳಿಗೆ ಹದಿನೇಳು ವರ್ಷ. ಅವರ ನೀಲಿ ಫೈಲೇ ನಮಗೆ ಸರ್ಕಾರಿ ಕಚೇರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಉಂಟು, ಹಾಗಾಗಿ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಸಿಗುತ್ತದೆ ಅಂತ ನನಗೆ ಹೇಳಿದ್ದು ಅವರೇ. ಅದಕ್ಕೆ ಮೊದಲು ಆಟಿಸಂ ಎಷ್ಟರ ಮಟ್ಟಿಗೆ ಉಂಟು ಅಂತ ಅಳೆಯುವ, ಐಸಾ ಅನ್ನುವ 40 ಅಂಶಗಳ ಮಾಪನ ಮಾಡುತ್ತಾರೆ. ಮಗು ಕೂತರೆ ಆಯಿತು ಅಂತಲ್ಲ, ನಮ್ಮನ್ನೂ ಕೇಳುತ್ತಾರೆ. ಮನೆಯಲ್ಲಿ ಕಂಡದ್ದನ್ನೆಲ್ಲ ಬರೆದುಕೊಂಡು ಹೋಗಿ, ಅಲ್ಲಿ ನೆನಪಾಗುವುದಿಲ್ಲ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು. ಮೊದಲು ನಾವೇ ಕಟ್ಟಿ ಆಮೇಲೆ ಬಿಲ್ ಕಳಿಸಬೇಕು. ಆದ್ದರಿಂದ ಸೆಂಟರ್‌ನವರ ಹತ್ತಿರ ಪ್ರತಿ ಸಲ ಸೀಲ್ ಹಾಕಿದ ರಸೀದಿ ಕೇಳಿ ತೆಗೆದುಕೊಳ್ಳಿ. ಇಲ್ಲಿ ಕೇಳದಿದ್ದರೆ ಕೊಡುವುದಿಲ್ಲ, ಅದು ನನ್ನ ಮೊದಲ ದೂರು.

ನೀಲಿ ಫೈಲಿನ ಹಿರಿಯರಿಗೆ ಈಗಿನ ಚಿಂತೆ ಬೇರೆ. ಮಗಳಿಗೆ ಹದಿನೆಂಟು ತುಂಬಿದರೆ ಕಾನೂನಿನ ಪ್ರಕಾರ ತಂದೆ ತಾಯಿ ತನ್ನಿಂತಾನೇ ಪೋಷಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಕೆಳಗೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ನಮಗೆಲ್ಲ ಅದು ದೂರದ ಮಾತು, ಆದರೂ ಕಿವಿಗೊಟ್ಟು ಕೇಳುತ್ತೇವೆ.

ಬೆಂಚಿನಲ್ಲಿ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ ಮಾರಾಯ್ರೆ. ಗೋಧಿ, ಹಾಲು ಬಿಟ್ಟರೆ ಮಾತು ಬರುತ್ತದೆ ಅನ್ನುವವರಿದ್ದಾರೆ. ಒಬ್ಬರು ಮಗುವಿಗೆ ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಲು ತಮ್ಮ ಜಾಗ ಮಾರಲು ಹೊರಟಿದ್ದರು. ಆಟಿಸಂಗೆ ಅದನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡುವುದಿಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಸೆಂಟರ್‌ನವರು ಇಂಥ ಹೊತ್ತಿಗೆ ಹೊರಗೆ ಬಂದು ಎರಡು ಮಾತು ಹೇಳಬಾರದಾ? ತಿಂಗಳಿಗೊಮ್ಮೆ ಪೋಷಕರ ಜೊತೆ ಕೂತು ಮಾತಾಡಿದರೂ ಸಾಕು. ಕೇಳಿದೆವು, ನೋಡುವ ಅಂದರು. ಇನ್ನೂ ನೋಡುತ್ತಾ ಇದ್ದಾರೆ.

ಅಪ್ಪಂದಿರು ಬರುವುದು ಕಡಿಮೆ. ಬಂದವರೂ ಕೆಳಗೆ ಕಾರಿನಲ್ಲೇ ಕೂರುತ್ತಾರೆ. ದಯವಿಟ್ಟು ಮೇಲೆ ಬನ್ನಿ, ಜಾಗ ಉಂಟು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ರಸೀದಿಗೆ ಮತ್ತು ಟಾಯ್ಲೆಟ್‌ನ ಹ್ಯಾಂಡ್ ಡ್ರೈಯರ್‌ಗೆ. ಶಬ್ದ ಅಂದರೆ ಕಿವಿ ಮುಚ್ಚಿಕೊಳ್ಳುವ ಮಕ್ಕಳು ಬರುವ ಜಾಗದಲ್ಲಿ ಅದನ್ನು ಯಾರು ಹಾಕಿಸಿದರೋ! ಹೊಸದಾಗಿ ಸೇರುವವರು ಸಾಧ್ಯವಾದರೆ ಶನಿವಾರ ಬೆಳಿಗ್ಗೆಯ ಸ್ಲಾಟ್ ಕೇಳಿ. ನೀಲಿ ಫೈಲಿನವರು ಬರುವುದು ಆವಾಗಲೇ.