ಬಿಳಿ ಎನಿಮೋನ್ ತರಬೇಡಿ, ನಾನು ತಂದು ಅನುಭವಿಸಿದ್ದೇನೆ

ದಾವಣಗೆರೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟವರು ಕಡಿಮೆ. ಉಪ್ಪಿನಿಂದ ಹಿಡಿದು ಮೀನಿನವರೆಗೆ ಎಲ್ಲ ಬೆಂಗಳೂರಿಂದಲೇ ಬರಬೇಕು. ಹೋದ ಏಪ್ರಿಲ್‌ನಲ್ಲಿ ನಾನೂ ಅಲ್ಲಿನ ಒಂದು ಅಂಗಡಿಯಿಂದ ಎನಿಮೋನ್ ತಂದೆ. ಹೂವಿನಂತೆ ಕಂಡರೂ ಅದು ಕಲ್ಲಿಗೆ ಅಂಟಿಕೊಂಡು ಬದುಕುವ ಕಡಲ ಪ್ರಾಣಿ, ಕ್ಲೌನ್ ಮೀನು ಅದರ ಎಳೆಗಳ ನಡುವೆ ವಾಸ ಮಾಡುತ್ತದೆ. ಹಾಲಿನಂಥ ಬಿಳುಪು, ತುದಿಯಲ್ಲಿ ಮಾತ್ರ ನೇರಳೆ. "ಅಪರೂಪದ ಕಲರ್ ಸಾರ್" ಅಂದರು. ನನ್ನ ಎರಡು ಕ್ಲೌನ್ ಮೀನಿಗೆ ಒಂದು ಮನೆ ಆಯ್ತು ಅಂತ ಖುಷಿಯಾಗಿತ್ತು.

ಆ ಬಿಳುಪು ಅಪರೂಪದ್ದಲ್ಲ, ಹಸಿವಿನದು. ಎನಿಮೋನ್ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಅದು ಬೆಳಕಿನಲ್ಲಿ ಆಹಾರ ಮಾಡಿ ಎನಿಮೋನ್‌ಗೂ ಕೊಡುತ್ತದೆ. ಮೈಗೆ ಕಂದು ಛಾಯೆ ಬರುವುದೂ ಅದರಿಂದಲೇ. ಪಾಚಿ ಹೋದರೆ ಮೈ ಬಿಳಿಚಿಕೊಳ್ಳುತ್ತದೆ. ಕಣ್ಣು ಕುಕ್ಕುವ ಹಳದಿ ಕಂಡರೂ ಅನುಮಾನಪಡಿ, ಬಣ್ಣ ಹಾಕಿ ಮಾರುವುದೂ ಉಂಟು.

ತಂದ ದಿನ ಅದು ಕಲ್ಲು ಹಿಡಿಯಲೇ ಇಲ್ಲ, ಉರುಳಾಡುತ್ತಿತ್ತು. ಎತ್ತಿ ನೋಡಿದರೆ ಪಾದದ, ಅಂದರೆ ಕಲ್ಲಿಗೆ ಅಂಟುವ ತಳದ, ಅಂಚು ಹರಿದಿತ್ತು. ಅಂಗಡಿಯಲ್ಲಿ ಗಾಜಿನಿಂದ ಕಿತ್ತಿದ್ದಾರೆ ಅಂತ ಆಗ ಹೊಳೆಯಿತು. ರಾತ್ರಿ ಮುದುಡಿ ನಿಂಬೆಹಣ್ಣಿನಷ್ಟಾಯಿತು, ಬೆಳಿಗ್ಗೆ ಮತ್ತೆ ಅರಳಿತು. ಇದಕ್ಕೆ ಹೆದರಬೇಕಿಲ್ಲ. ಒಳಗಿನ ಹಳೇ ನೀರು, ಕಸ ಹೊರಹಾಕಲು ಆಗಾಗ ಹೀಗೆ ಕುಗ್ಗುತ್ತದೆ. ನೋಡಬೇಕಾದದ್ದು ನಡುವಿನ ಬಾಯಿ. ಚೆನ್ನಾಗಿರುವ ಎನಿಮೋನ್ ಬಾಯಿ ಬಿಗಿಯಾಗಿ ಮುಚ್ಚಿರುತ್ತದೆ.

ನಾಲ್ಕನೇ ದಿನ ನಮ್ಮದರ ಬಾಯಿ ಸಡಿಲವಾಗಿ ತೆರೆದು, ಒಳಗಿಂದ ಬಿಳಿ ನೂಲಿನಂಥದ್ದು ಹೊರಬಂದಿತ್ತು. ಸುಸ್ತಾಗಿದೆ ಅಂತ ಸೀಗಡಿ ತುಂಡು ಕೊಟ್ಟೆ. ಬೆಳ್ಳಿಯಂಥ ಲೋಳೆ ಸುತ್ತಿಕೊಂಡು ತುಂಡು ಹಾಗೇ ಹೊರಬಿತ್ತು. ಸೊರಗಿದ್ದಕ್ಕೆ ತಿನ್ನಿಸಬಾರದಿತ್ತು. ಆ ವಾರ ಬಿಸಿಲು ಜಾಸ್ತಿ, ಕರೆಂಟೂ ಕೈಕೊಟ್ಟಿತು. 25–26 ಡಿಗ್ರಿ ಇರಬೇಕಾದ ನೀರು 31 ಮುಟ್ಟಿತ್ತು. ಅದಕ್ಕಿಂತ ದೊಡ್ಡ ತಪ್ಪು ಅಂದರೆ, ನನ್ನ ಟ್ಯಾಂಕ್‌ಗೆ ಆಗಿದ್ದದ್ದು ಮೂರೇ ತಿಂಗಳು. ನೀರು ನೆಲೆಗೊಳ್ಳಲು ಆರು ತಿಂಗಳಾದರೂ ಕಾಯಬೇಕು.

ಐದನೇ ದಿನ ಬೆಳಗಿನ ಜಾವ ಹೆಂಡತಿ ಎಬ್ಬಿಸಿದಳು. "ರೀ, ಇದೇನು ವಾಸನೆ?" ಕೊಳೆತ ಮೀನಿನ ವಾಸನೆ ಹಾಲ್ ತುಂಬ. ಎನಿಮೋನ್ ಕರಗಿ, ಕೈ ಹಾಕಿದರೆ ಎಳೆಎಳೆಯಾಗಿ ಬಿಡುತ್ತಿತ್ತು. ನೀರು ಗಂಜಿಯಂತೆ ಮಬ್ಬಾಗಿತ್ತು. ಒಂದು ಕ್ಲೌನ್ ತಳದಲ್ಲಿ ಸತ್ತು ಬಿದ್ದಿತ್ತು. ಇನ್ನೊಂದು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಅದೂ ಹೋಯಿತು. ಬಾಯಿ ತೆರೆದುಕೊಂಡ ರಾತ್ರಿಯೇ ಎನಿಮೋನ್ ಅನ್ನು ಅದೇ ಉಪ್ಪುನೀರಿನ ಬಕೆಟ್‌ಗೆ ಹಾಕಿ ಬೇರೆ ಇಟ್ಟಿದ್ದರೆ ಮೀನಾದರೂ ಉಳಿಯುತ್ತಿದ್ದವು.

ಅಂಗಡಿಯಲ್ಲಿ ಸಂಕೋಚ ಬೇಡ. ಬಂದು ಎಷ್ಟು ದಿನವಾಯ್ತು ಕೇಳಿ, ಇವತ್ತೇ ಬಂದಿದ್ದರೆ ಒಂದು ವಾರ ಅಲ್ಲೇ ಇರಲಿ. ಕಡ್ಡಿಯಿಂದ ಎಳೆಗಳನ್ನು ಮುಟ್ಟಿಸಿ ನೋಡಿ, ಅಂಟಿಕೊಳ್ಳಬೇಕು. ಪಾದ ಕಾಣುವ ಹಾಗೆ ತೋರಿಸಲು ಹೇಳಿ. ದಾವಣಗೆರೆ, ಚಿತ್ರದುರ್ಗದ ಕಡೆಯವರು ಯಾರಾದರೂ ತರುವುದಿದ್ದರೆ, ದುಡ್ಡು ಕೊಡುವ ಮೊದಲು ಬಾಯಿಯ ಫೋಟೋ ಕಳಿಸಿ. ನೋಡಿ ಹೇಳುತ್ತೇನೆ.